ಹಿರೇ ಕೈಯ ನೂಲು

ಹಣಮವ್ವನ ಮನೆಯಲ್ಲಿ ಅಂಚು ಸೀಳಿದ ರೊಟ್ಟಿ ಯಾರ ಗಂಗಾಳಕ್ಕೂ ಬೀಳುತ್ತಿರಲಿಲ್ಲ. ಅದು ನಾಯಿಯ ಪಾಲು. ಮಳೆ ಬರಲಿ, ಬಾರದಿರಲಿ, ಆ ಮನೆಯ ನಾಯಿ ಮಾತ್ರ ಮೈತುಂಬಿಕೊಂಡೇ ಇರುತ್ತಿತ್ತು. ಯಾಕೆಂದರೆ ಹಿರೇ ಸೊಸೆಯಾಗಿ ಬಂದ ಗಂಗುಬಾಯಿಗೆ ರೊಟ್ಟಿ ಬಡಿಯುವ ಕೈ ಕೂಡಿಬರಲು ಬಹಳ ದಿನ ಹಿಡಿಯಿತು.

ಅಕ್ಕಲಕೋಟೆಯಿಂದ ಬೋರಿ ಹೊಳೆಯ ದಂಡೆ ಹಿಡಿದು ನಡೆದರೆ ಸಿಗುವ ಕುರುಬರ ವಾಡಿ ಅದು. ಗಂಗುಬಾಯಿ ಭಂಡಾರಕವಠೆಯ ಹುಡುಗಿ. ಸೀರೆ ಕಾಲಿಗೆ ತೊಡರುವ ವಯಸ್ಸಿನಲ್ಲಿ ಭೀಮಣ್ಣನ ಕೈಹಿಡಿದು ಬಂದಳು. ಬಂದ ಮರುದಿನವೇ ಅತ್ತೆ ಆಕೆಯನ್ನು ರಾಟಿಯ ಮುಂದೆ ಕೂರಿಸಿದಳು. ಹುಡುಗಿ ನೂತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ, ಮೂಲೆಗೆ ಒಗೆದಳು.

"ಕುರಿ ಕಟ್ಟಾಕ ಹಗ್ಗ ಬೇಕಾಗಿತ್ತು. ಚೊಲೋ ಆತು," ಅಂದಳು.

ಓಣಿಯ ಹೆಂಗಸರು ನಕ್ಕರು. ಗಂಗುಬಾಯಿ ಅಳಲಿಲ್ಲ. ಮೂಲೆಗೆ ಬಿದ್ದದ್ದನ್ನು ಆರಿಸಿಕೊಂಡು ಬಂದು, ಹುರಿ ಬಿಚ್ಚಿ, ಉಣ್ಣೆಯನ್ನು ಮತ್ತೆ ಹಿಂಜಿ, ಮತ್ತೆ ನೂತಳು. ಅದೂ ಮೂಲೆಗೇ ಹೋಯಿತು.

ನೆಲ ಸಾರಿಸಿದರೆ ಸೆಗಣಿಯ ಬಳೆಗಳು ಒಂದರ ಪಕ್ಕ ಒಂದು ಜೋಡಿಸಿಟ್ಟ ಹಾಗೆ ಇರಬೇಕು. ಕೊಡ ಬೆಳಗಿದರೆ ಒಳಗಡೆಯೂ ಬೆಳಗಬೇಕು. "ಹೊರಗ ಮಂದಿ ನೋಡತಾರ, ಒಳಗ ನೀರ ನೋಡತದ," ಎನ್ನುತ್ತಿದ್ದಳು ಹಣಮವ್ವ. ಮಗನಿಗೂ ಇದೇ ಪಾಠ. ಭೀಮಣ್ಣ ನೇಯ್ದ ಕಂಬಳಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಎಳೆ ಜಾರಿದ್ದರೂ ಮೊಳದಷ್ಟು ಬಿಚ್ಚಿಸುತ್ತಿದ್ದಳು. ಬೈಗುಳಕ್ಕಿಂತ ಆಕೆಯ ಸುಮ್ಮನಿರುವಿಕೆ ಭಾರ. ಚೆನ್ನಾಗಿದೆ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

ಇದಕ್ಕೆಲ್ಲ ಬೇರೊಂದು ಕಾರಣವಿತ್ತು. ದೀಪಾವಳಿ ಅಮಾವಾಸ್ಯೆಗೆ ವಾಡಿಯ ಬೀರಪ್ಪನಿಗೆ ಹೊಸ ಕರಿಕಂಬಳಿಯ ಗದ್ದಿಗೆ ಹಾಕಬೇಕು. ಆ ಕಂಬಳಿ ಕೊಡುವ ಮಾನ ಈ ಮನೆಯದು. ಕರಿ ಮರಿಗಳ ಮೊದಲ ಕತ್ತರಿಯ ಉಣ್ಣೆಯೇ ಆಗಬೇಕು, ಅದರಲ್ಲಿ ಒಂದು ಬಿಳಿ ಕೂದಲೂ ಇರಬಾರದು. ನೂಲು ಮನೆಯ ಹಿರೇ ಕೈಯದಾಗಿರಬೇಕು, ಅಂದರೆ ಮನೆಯ ಹಿರಿ ಹೆಣ್ಣೊಬ್ಬಳೇ ನೂತಿರಬೇಕು. ಬೇರೆಯವರ ಬೆರಳು ಸೋಕಿದರೆ ಅದು ದೇವರದಲ್ಲ. ಈ ನೂಲಿಗೆಂದೇ ಕಬ್ಬಿಣದ ಒಂದು ಕದರು, ನೂಲು ಸುತ್ತುವ ರಾಟಿಯ ಕಡ್ಡಿ, ಇತ್ತು. ವರ್ಷವೆಲ್ಲ ದೇವರ ಗೂಡಿನಲ್ಲಿ ಭಂಡಾರದ ಅರಿಷಿಣ ಹಚ್ಚಿಸಿಕೊಂಡು ಕೂತಿದ್ದು, ಶ್ರಾವಣ ಬಂದರೆ ರಾಟಿಗೆ ಏರುತ್ತಿತ್ತು. ತನ್ನ ಕೈ ಸೋತಿತು ಅನ್ನಿಸಿದ ದಿನ ಹಿರಿಯಳು ಪೂಜಾರಿಯ ಎದುರು ಆ ಕದರನ್ನು ಯಾವ ಸೊಸೆಯ ಉಡಿಗೆ ಹಾಕುತ್ತಾಳೋ, ಅಂದಿನಿಂದ ಅವಳೇ ಹಿರೇ ಕೈ. ಸೋತರೂ ಯಾರಿಗೂ ಹಾಕದೆ ಕೂತರೆ ಮಾನ ಎದುರು ಓಣಿಯ ಭಾವಕಿಯವರಿಗೆ, ಅಂದರೆ ದಾಯಾದಿ ಕಲ್ಲಣ್ಣನ ಮನೆಗೆ ಹೋಗುತ್ತದೆ.

ಗಂಗುಬಾಯಿಗೆ ಆ ಕದರು ಬೇಕಾಗಿತ್ತು. ಬಂಗಾರ ಬೇಡಿದವಳಲ್ಲ, ತವರಿಗೆ ಹೋಗುತ್ತೇನೆಂದು ಹಟ ಹಿಡಿದವಳಲ್ಲ. ಇದ್ದ ಒಬ್ಬ ಮಗಳನ್ನು ಮಂಗಳವೇಢೆಯ ಕಡೆ ಕೊಟ್ಟು ಕೈತೊಳೆದುಕೊಂಡಾಗಿತ್ತು. ಆಮೇಲೆ ಆಕೆಗೆ ಉಳಿದ ಆಸೆ ಅದೊಂದೇ. ಕುರಿಹಟ್ಟಿ ಗುಡಿಸಿ, ನೀರು ಹೊತ್ತು, ರೊಟ್ಟಿ ಬಡಿದು, ಎಲ್ಲರ ಊಟ ಮುಗಿದ ಮೇಲೆ ರಾಟಿಗೆ ಕೂತರೆ, ಉಣ್ಣೆಯನ್ನು ಕೂದಲು ಕೂದಲಾಗಿ ಬಿಡಿಸಿ ನೋಡುವಳು. ವರ್ಷಗಳು ಉರುಳಿದ ಹಾಗೆ ಅತ್ತೆ ನೂಲನ್ನು ಮೂಲೆಗೆ ಒಗೆಯುವುದು ನಿಂತಿತು. ಬೆರಳಲ್ಲಿ ಎಳೆದು ನೋಡಿ, ಏನೂ ಅನ್ನದೆ ಬುಟ್ಟಿಗೆ ಹಾಕುವಳು. ಅದೇ ದೊಡ್ಡದು ಅಂದುಕೊಂಡಳು ಸೊಸೆ. ಚೆನ್ನಾಗಿದೆ ಎಂಬ ಒಂದು ಮಾತು ಬಾಕಿ, ಆ ಮಾತಿನ ಹಿಂದೆ ಕದರು.

ಸೊಲ್ಲಾಪುರದಲ್ಲಿ ಮಾರ್ಶಲ್ ಲಾ ಆದ ವರ್ಷ ಗಿರಣಿಯ ಕೆಲಸ ಬಿಟ್ಟು ಕಿರಿ ಮಗ ಮಾಳಪ್ಪ ಹೆಂಡತಿ ಕಸ್ತೂರಬಾಯಿಯೊಂದಿಗೆ ವಾಡಿಗೆ ಬಂದ. ಕಸ್ತೂರಬಾಯಿ ಗಿರಣಿ ಚಾಳಿನಲ್ಲಿ ಬೆಳೆದವಳು, ಅರ್ಧ ಮರಾಠಿ ಅರ್ಧ ಕನ್ನಡ. ಬಂದ ದಿನವೇ ಚಹಾ ಮಾಡಲು ಪಾತ್ರೆ ಹುಡುಕಿದಳು.

"ಈ ಮನ್ಯಾಗ ಚಹಾ ಇಲ್ಲ. ಅಂಬಲಿ ಅದ," ಅಂದಳು ಹಣಮವ್ವ.

"ಬರಂ, ಆಗಲಿ ಬಿಡ್ರಿ, ಅಂಬಲಿನೇ ಕಾಸಿ ಬಸಿಯಾಗ ಹಾಕ್ಕೊಂಡು ಕುಡಿತೀನ್ರಿ. ಚಹಾ ಕುಡದಂಗ ಆಗತದ."

ಕೊಟ್ಟಿಗೆಯಲ್ಲಿದ್ದ ಗಂಗುಬಾಯಿಗೆ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ಹೀಗೆ ಎದುರಾಡಿದವರೇ ಇರಲಿಲ್ಲ. ಕಸ್ತೂರಬಾಯಿಯ ಮೊದಲ ರೊಟ್ಟಿ ಹೊಲದ ಬದುವಿನ ಹಾಗೆ ಒಂದು ಕಡೆ ಏರು, ಒಂದು ಕಡೆ ಇಳಿಜಾರು. ಮುದುಕಿ ಅದನ್ನು ಎತ್ತಿ ನಾಯಿಗೆ ಒಗೆದಳು. ಎರಡನೆಯದೂ ಹೋಯಿತು.

"ಅತ್ತಿ, ನಾಯಿಗಾದ್ರೂ ನನ್ನ ಕೈ ರುಚಿ ಸೇರೇದ ನೋಡ್ರಿ. ಒಗದದ್ದು ಒಂದೂ ಉಳಿಸವಲ್ಲದು."

"ನಿಮ್ಮವ್ವ ಏನ ಕಲಿಸ್ಯಾಳ ನಿನಗ?"

"ಗಿರಣಿ ಭೋಂಗಾ ಕೂಗೂದ್ರಾಗ ಡಬ್ಬಿ ಕಟ್ಟೂದು. ಅಂಚು ನೋಡಕೋತ ಕುಂತ್ರ ಗೇಟ ಬಂದ್ ಆಗತಿತ್ತು."

ರಾಟಿಗೆ ಕೂರಿಸಿದಾಗಲೂ ಅಷ್ಟೇ. ಕಸ್ತೂರಬಾಯಿಯ ನೂಲು ಒಂದು ಕಡೆ ಇಲಿ, ಒಂದು ಕಡೆ ಇಲಿಯ ಬಾಲ. ತಾನೇ ಎತ್ತಿ ತೋರಿಸಿ ನಗುವಳು. "ಅಕ್ಕಾ, ಗಿರಣ್ಯಾಗ ಸಾಂಚಾ ಅನ್ನೂ ಮಶೀನ ಒಂದ ಹೊಂಟ್ರ ಇಡೀ ವಾಡಿ ವರ್ಷಾನಗಟ್ಟಲೆ ನೂತದ್ದು ಒಂದ ದಿನಕ್ಕ ಬರತದ. ನೀ ಯಾಕ ಇಷ್ಟು ಕಣ್ಣ ತಿಂದುಕೋತಿ?"

"ಸಾಂಚಾಕ ಬೀರಪ್ಪ ಗೊತ್ತಿಲ್ಲ," ಅಂದಳು ಗಂಗುಬಾಯಿ.

"ಬೀರಪ್ಪಗ ಸಾಂಚಾ ಗೊತ್ತಿರಬೇಕಲ್ಲ? ದೇವರು ಅವ."

ಶ್ರಾವಣ ಬಂತು. ಕಬ್ಬಿಣದ ಕದರು ರಾಟಿಗೆ ಏರಿತು. ಹಣಮವ್ವ ತಲೆಗೆ ಎರೆದುಕೊಂಡು, ಮೂಡಣ ಬಾಗಿಲಿಗೆ ಮುಖ ಮಾಡಿ ನೂಲಲು ಕೂತಳು. ಒಂದು ಮಧ್ಯಾಹ್ನ ಮುದುಕಿ ಉಂಡು ಅಡ್ಡಾಗಿದ್ದಾಗ, ಹಂಜಿ ಒದಗಿಸಿಡಲು ಹೋದ ಗಂಗುಬಾಯಿಯ ಕಣ್ಣು ಅತ್ತೆಯ ನೂಲಿನ ಉಂಡೆಯ ಮೇಲೆ ಬಿತ್ತು. ಕರಿ ನೂಲಿನಲ್ಲಿ ಬಿಳಿ ಕೂದಲು. ಒಂದಲ್ಲ, ಉದ್ದಕ್ಕೂ. ಬೀರಪ್ಪನ ನೂಲೆಂದು ಮುಟ್ಟಲು ಕೈ ಹಿಂಜರಿಯಿತು. ಬಗ್ಗಿ ನೋಡಿದಳು. ಅಲ್ಲಲ್ಲಿ ಗಂಟು, ಅಲ್ಲಲ್ಲಿ ಹುರಿ ಸಡಿಲ.

ಆಮೇಲೆ ಒಂದೊಂದಾಗಿ ನೆನಪಿಗೆ ಬಂತು. ಜೋಳ ಹಸನು ಮಾಡುವಾಗ ಅತ್ತೆ ಕಾಳನ್ನು ಕಣ್ಣಿನಿಂದ ನೋಡದೆ ಅಂಗೈಯಿಂದ ಸವರುತ್ತಿದ್ದದ್ದು. ಮೊನ್ನೆಯ ರೊಟ್ಟಿಯಲ್ಲಿ ಭೀಮಣ್ಣನ ಹಲ್ಲಿಗೆ ಕಲ್ಲು ಸಿಕ್ಕದ್ದು, ಬೈಗುಳ ತನ್ನ ಪಾಲಿಗೆ ಬಂದದ್ದು. ಹೊಸ್ತಿಲು ದಾಟುವಾಗ ಮುದುಕಿಯ ಕಾಲು ಮೊದಲು ತಡವಿ ನೋಡುತ್ತಿದ್ದದ್ದು. ಹಣಮವ್ವನ ಕಣ್ಣಿಗೆ ಪೊರೆ ಬಂದಿತ್ತು.

ಗಂಡನಿಗೆ ಹೇಳಿದಳು. ಭೀಮಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟು ಕೂತಿದ್ದ.

"ಅವ್ವಗ ಹೇಳ್ರಿ. ಕಣ್ಣ ಮಂಜಾಗ್ಯಾವ, ಕದರು ಬಿಡು ಅಂತ ಹೇಳ್ರಿ."

"ನೀ ಹೇಳು."

"ನಾ ಹೇಳಿದ್ರ ಕದರಿನ ಆಸೇಕ ಹೇಳ್ಯಾಳ ಅಂತಾರ."

"ಖರೇನ ಆಸೆ ಅದಲ್ಲ?" ಭೀಮಣ್ಣ ಲಾಳಿಯಿಂದ ಕಣ್ಣೆತ್ತಲಿಲ್ಲ. "ಕೆಣಕಿದ್ರ ಆಕಿ ಸಿಟ್ಟಿಗೆದ್ದು ಕದರು ಗೂಡಿಗಿಟ್ಟು ಕುಂದರತಾಳ. ಯಾರಿಗೂ ಕೊಡಂಗಿಲ್ಲ. ಮಾನ ಕಲ್ಲಣ್ಣನ ಮನಿಗಿ ಹೋಗತದ. ಆಮ್ಯಾಲ ಅವನ ಹೇಣ್ತಿ ರತ್ನಾಬಾಯಿ ಓಣ್ಯಾಗ ಎದಿ ಉಬ್ಬಿಸಿಕೊಂಡು ತಿರಗತಾಳ, ನೋಡಕೋತ ಕೂಡು."

ಆದರೂ ಗಂಗುಬಾಯಿ ಒಂದು ದಿನ ಧೈರ್ಯ ಮಾಡಿದಳು. "ಅತ್ತಿ, ಈ ವರ್ಷ ನಿಮ್ಮ ಬೆನ್ನ ಭಾಳ ನೋಯಾಕತ್ತದ. ಪೂಜಾರಿ ಮುತ್ಯಾನ ಕರದು, ನಾ ಕೂಡತೀನಿ ರಾಟಿಗಿ."

ಹಣಮವ್ವನ ಕೈ ನಿಲ್ಲಲಿಲ್ಲ. "ನನ್ನ ಕೈ ಬಿದ್ದಾವಂತ ಯಾರ ಹೇಳ್ಯಾರ ನಿನಗ?"

"ಬಿದ್ದಾವಂತ ನಾ ಅಂದಿಲ್ಲ."

"ಹಸಿವಿದ್ದಾಕಿಗಿ ರೊಟ್ಟಿ ಬೇಯೂತನಕ ತಡಿಯಾಕ ಆಗಂಗಿಲ್ಲ. ನೀ ಇನ್ನೂ ಬೇಯಬೇಕು, ಗಂಗೂ."

ಬೇಯಬೇಕಂತೆ. ತಲೆಯ ಕೂದಲು ಬೆಳ್ಳಗಾದ ಸೊಸೆ ಆ ಮಾತನ್ನು ನುಂಗಿ ಎಮ್ಮೆಗೆ ನೀರು ಕುಡಿಸಲು ಹೋದಳು. ನೀರು ಕುಡಿಸುತ್ತಲೇ ನಿಶ್ಚಯ ಮಾಡಿದಳು. ಕಂಬಳಿಯಲ್ಲಿ ಬಿಳಿ ಕೂದಲು ಕಂಡರೆ ಮನೆಯ ಮಾನ ಹೋಗುತ್ತದೆ, ಮಾನದ ಜೊತೆ ಕದರೂ ಹೋಗುತ್ತದೆ. ಈ ವರ್ಷ ಒಂದು ದಾಟಿದರೆ ಸಾಕು, ಬರುವ ವರ್ಷಕ್ಕೆ ಅತ್ತೆಯೇ ಸೋತು ಕೊಟ್ಟಾಳು. ಬೀರಪ್ಪ ಸಿಟ್ಟಾದರೆ ಆಗಲಿ, ತನ್ನ ಮೇಲೆ ಆಗಲಿ.

ಅಂದಿನಿಂದ ಗಂಗುಬಾಯಿ ತನ್ನ ರಾಟಿಯ ಮೇಲೆ ಮರಿಯುಣ್ಣೆಯನ್ನೇ ನೂತಳು. ಜೀವಮಾನದಲ್ಲಿ ಹಾಗೆ ನೂತಿರಲಿಲ್ಲ. ಬಿಳಿ ಕೂದಲನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಮಧ್ಯಾಹ್ನ ಮುದುಕಿ ಅಡ್ಡಾದಾಗ ಅತ್ತೆಯ ಉಂಡೆಯನ್ನು ತೆಗೆದು ತನ್ನ ಬುಟ್ಟಿಗೆ ಹಾಕಿ, ತನ್ನದನ್ನು ದೇವರ ಬುಟ್ಟಿಗೆ ಇಡುವಳು. ಅತ್ತೆಯದನ್ನು ಎಲ್ಲಾದರೂ ಅಡಗಿಸೋಣವೆಂದರೆ ಉಪಾಯವಿರಲಿಲ್ಲ. ಹಣಮವ್ವ ಎರಡೂ ಬುಟ್ಟಿಗಳ ಉಂಡೆಗಳನ್ನು ದಿನವೂ ಮುಟ್ಟಿ ಎಣಿಸುತ್ತಿದ್ದಳು, ಒಂದು ಕಡಿಮೆಯಾದರೂ ಕೇಳುತ್ತಿದ್ದಳು. ಒಲೆಗೆ ಹಾಕಿದರೆ ಉಣ್ಣೆ ಸುಟ್ಟ ವಾಸನೆ ಓಣಿಯೆಲ್ಲ ಹಬ್ಬುತ್ತದೆ.

ಹಾಗಾಗಿ ಸಂಜೆಯಾದರೆ ಒಂದು ತಮಾಷೆ ನಡೆಯುತ್ತಿತ್ತು. ಹಣಮವ್ವ ಸೊಸೆಯ ಬುಟ್ಟಿಗೆ ಕೈಹಾಕಿ, ಉಂಡೆ ತೆಗೆದು, ಎಳೆಯನ್ನು ಬೆರಳ ನಡುವೆ ಓಡಿಸುವಳು. ಬೆರಳು ಒಂದು ಗಂಟಿಗೆ ತಡೆಯುವುದು, ಇನ್ನೊಂದಕ್ಕೆ ತಡೆಯುವುದು.

"ಏನಿದು? ಏನಿದು ಗಂಗೂ? ಇಷ್ಟ ವರ್ಷ ಕಲತು ಇದೇನ?" ಎಂದು ಹೊರಗೆ ಕಟ್ಟೆಗೆ ತಂದು, ನೀರಿಗೆ ಹೊರಟಿದ್ದ ರತ್ನಾಬಾಯಿಗೆ ತೋರಿಸುವಳು. "ನೋಡವಾ ರತ್ನಾ, ನಮ್ಮ ಹಿರೇ ಸೊಸಿ ನೂಲು. ವಯಸ್ಸಾದಂಗ ಕೈ ತಿದ್ದಬೇಕು, ಈಕಿದು ಕೆಡಾಕತ್ತದ."

"ಬಿಳಿ ಕೂದಲಾ ಎಷ್ಟ ಅದಾವಲ್ಲ ಅತ್ತಿ," ಎಂದು ರತ್ನಾಬಾಯಿ ಕೊಡ ಇಳಿಸಿ, ಸಾವಕಾಶವಾಗಿ ನೋಡುವಳು. "ಗಂಗಕ್ಕ, ಕಣ್ಣಿಗಿ ಏನಾಗ್ಯದ ನಿನಗ?"

ಗಂಗುಬಾಯಿ ಒಲೆಯ ಮುಂದೆ ಕೂತು ಹಿಟ್ಟು ನಾದುವಳು. ಮುದುಕಿ ತನ್ನ ನೂಲಿಗೆ ತಾನೇ ಛೀ ಅನ್ನುತ್ತಿದ್ದಳು, ಛೀ ಮಾತ್ರ ಸೊಸೆಯ ಹೆಸರಿಗೆ ಬೀಳುತ್ತಿತ್ತು.

ಕಂಬಳಿ ಆಯಿತು. ಹಾಸು ಹೂಡಿ ಹುಣಸೆಬೀಜದ ಗಂಜಿ ಎಳೆಯುವಾಗ ಭೀಮಣ್ಣ ಎಳೆಯನ್ನು ಬೆಳಕಿಗೆ ಹಿಡಿದು ಹೆಂಡತಿಯ ಮುಖ ನೋಡಿದ. ಮತ್ತೆ ಗಂಜಿಗೆ ಕೈ ಹಾಕಿದ. ಅಮಾವಾಸ್ಯೆಯ ದಿನ ಪೂಜಾರಿ ಅಮೋಗಸಿದ್ಧ ಮುತ್ಯಾ ಗುಡಿಯ ಕಟ್ಟೆಯಲ್ಲಿ ಕೂತು, ಎಲ್ಲರ ಎದುರು ಕಂಬಳಿಯ ಮೇಲೆ ಅಂಗೈ ಎಳೆದ. ಆತನ ಅಪ್ಪನ ಕಾಲದಿಂದ ಬಂದ ಮಾತು ಒಂದಿತ್ತು. ಕೈ ತಡೆಯದಿದ್ದರೆ ಅದನ್ನು ಅನ್ನಬೇಕು.

"ಹಸನಾಗೇದ. ಹಾಸ್ರಿ," ಅಂದ ಮುತ್ಯಾ.

ಗಂಗುಬಾಯಿಯ ಕಣ್ಣು ಮಂಜಾಯಿತು. ಆ ಮಾತು ತನ್ನದು, ತನ್ನ ಬೆರಳಿನದು. ಹಿಂದೆಯೇ ಮುತ್ಯಾ ಹಣಮವ್ವನ ಕಡೆ ತಿರುಗಿ, "ಈ ವಯಸ್ಸಿನಾಗ ಇಂಥಾ ನೂಲು. ನಿನ್ನ ಕೈ ಇರೂತನಕ ಬೀರಪ್ಪಗ ಚಿಂತಿಲ್ಲ ಬಿಡು, ಹಣಮವ್ವಾ. ಕದರು ಯಾರಿಗೂ ಕೊಡೂ ಕಾರಣಿಲ್ಲ," ಅಂದ.

"ಯಾರಿಗಿ ಕೊಡಬೇಕ್ರಿ," ಅಂದಳು ಹಣಮವ್ವ. "ನನ್ನ ಮನ್ಯಾಗಿನ ನೂಲು ಓಣಿ ಎಲ್ಲ ನೋಡ್ಯದ."

ಗುಂಪಿನಲ್ಲಿ ರತ್ನಾಬಾಯಿ ಬಾಯಿಗೆ ಸೆರಗು ಹಿಡಿದಳು. ಗಂಗುಬಾಯಿಗೆ ಆಗ ತಿಳಿಯಿತು. ತಾನು ಎಷ್ಟು ಚೆನ್ನಾಗಿ ನೂತರೆ ಅಷ್ಟು ಗಟ್ಟಿಯಾಗಿ ಕದರು ಅತ್ತೆಯ ಕೈಯಲ್ಲೇ ನಿಲ್ಲುತ್ತದೆ.

ತಿಳಿದ ಮೇಲಾದರೂ ಬಿಡಬಹುದಿತ್ತು. ಮರುವರ್ಷ ಶ್ರಾವಣದಲ್ಲಿ ಒಂದು ದಿನ ಹಾಗೆಯೇ ಬಿಟ್ಟೂ ನೋಡಿದಳು. ದೇವರ ಬುಟ್ಟಿಯಲ್ಲಿ ಆ ಗಂಟುಗಂಟಿನ ನೂಲು ಕೂತದ್ದನ್ನು ನೋಡಿ ಊಟ ಸೇರಲಿಲ್ಲ. ಬೀರಪ್ಪನ ಭಯವೋ, ಕೆಟ್ಟ ಕೆಲಸ ಕಣ್ಣಿಗೆ ಚುಚ್ಚುವ ಹಾಗೆ ಅತ್ತೆ ಬೆಳೆಸಿದ ಬುದ್ಧಿಯೋ, ಮರುದಿನ ಮಧ್ಯಾಹ್ನ ಬದಲಿಸಿಯೇಬಿಟ್ಟಳು. ಅದರ ಮರುವರ್ಷವೂ ಅದೇ. ಹಣಮವ್ವನ ಹೆಸರು ಭಂಡಾರಕವಠೆಯ ತನಕ ಹೋಯಿತು. ಗಂಗುಬಾಯಿಯ ತವರಿನವರೇ ಬಂದು, "ನಿಮ್ಮತ್ತಿ ಕಡೆ ಇದ್ದೂ ನೀ ಏನೂ ಕಲೀಲಿಲ್ಲಂತಲ್ಲ," ಎಂದು ಕೇಳಿಹೋದರು.

ಕಸ್ತೂರಬಾಯಿ ಒಬ್ಬಳೇ ಅತ್ತೆಯ ಕಣ್ಣಿನ ಮಾತು ಬಾಯಿಬಿಟ್ಟು ಆಡಿದವಳು. ಒಂದು ದಿನ ಊಟಕ್ಕೆ ಕೂತಾಗ ಹಣಮವ್ವ ಶೇಂಗಾ ಹಿಂಡಿಯ ಬದಲು ಉಪ್ಪಿನ ಬಟ್ಟಲಿಗೆ ರೊಟ್ಟಿ ಅದ್ದಿದಳು.

"ಅತ್ತಿ, ಸೊಲ್ಲಾಪುರದಾಗ ದೊಡ್ಡ ದವಾಖಾನಿ ಅದ. ಕಣ್ಣಿನ ಪೊರಿ ತಗೀತಾರ. ನಮ್ಮ ಚಾಳಿನ ಮುದುಕಿ ಒಬ್ಬಾಕಿ ಹೋಗಿ ಬಂದ ಮ್ಯಾಲ ಗಂಡನ ಮುಸಡಿ ನೋಡಿ ಅತ್ತಳಂತ."

"ನನ್ನ ಕಣ್ಣಿಗಿ ಏನಾಗಿಲ್ಲ," ಅಂದಳು ಹಣಮವ್ವ. ಉಪ್ಪು ಹತ್ತಿದ ತುತ್ತನ್ನು ಅಗಿದು ನುಂಗಿದಳು.

ಮಾಳಪ್ಪ ತಲೆ ತಗ್ಗಿಸಿ ಉಂಡ. ಭೀಮಣ್ಣ ಮಜ್ಜಿಗೆ ಕೇಳಿದ. ಗಂಗುಬಾಯಿ ಬಟ್ಟಲನ್ನು ಸದ್ದಾಗದಂತೆ ಬದಲಿಸಿಟ್ಟಳು. ಬದಲಿಸಿಡುವುದು ಆಕೆಗೆ ಅಷ್ಟು ರೂಢಿಯಾಗಿತ್ತು.

ನಾಲ್ಕನೆಯ ವರ್ಷ ಮಳೆಗಾಲದ ಮೊದಲೇ ಹಣಮವ್ವ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿತ್ತು. ಎಂಟು ದಿನ ಸುಮ್ಮನೆ ಮಲಗಿದ್ದು, ಒಂಬತ್ತನೆಯ ದಿನ ಪೂಜಾರಿಯನ್ನು ಕರೆಸಲು ಹೇಳಿದಳು. ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತರು. ಯಾತಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಗಂಗುಬಾಯಿ ನೆಲ ಸಾರಿಸಿದಳು, ಬಳೆ ಬಳೆ ಜೋಡಿಸಿಟ್ಟ ಹಾಗೆ. ತಲೆಗೆ ಎರೆದುಕೊಂಡು ಮದುವೆಯ ಇಳಕಲ್ಲ ಸೀರೆ ಉಟ್ಟಳು. ಕಸ್ತೂರಬಾಯಿ ನೋಡಿ, "ಅಕ್ಕಾ, ಮದಲಗಿತ್ತಿ ಆಗಿ ನೋಡು," ಎಂದು ತಾನೇ ಸೆರಗು ಸರಿಮಾಡಿದಳು.

ಭೀಮಣ್ಣ ತಾಯಿಯನ್ನು ಎತ್ತಿ ಗೋಡೆಗೆ ಒರಗಿಸಿ, ಗೂಡಿನಿಂದ ಕದರು ತಂದು ಕೈಗಿಟ್ಟ. ಗಂಗುಬಾಯಿ ಮುಂದೆ ಬಂದು ಉಡಿಯೊಡ್ಡಿ ಕೂತಳು.

"ಯಾರಿದು?" ಅಂದಳು ಹಣಮವ್ವ.

"ನಾನ್ರಿ ಅತ್ತಿ. ಗಂಗು."

"ಕಸ್ತೂರಿ ಎಲ್ಲಿದ್ದಾಳ?"

"ಇಲ್ಲೇ ಅದೀನ್ರಿ," ಎಂದಳು ಬಾಗಿಲಲ್ಲಿದ್ದ ಕಸ್ತೂರಬಾಯಿ.

"ಬಾ ಇಲ್ಲಿ. ಉಡಿ ಹಿಡಿ."

ಕಸ್ತೂರಬಾಯಿ ಅಕ್ಕನ ಮುಖ ನೋಡಿದಳು. "ನನಗ್ಯಾಕ್ರಿ ಅತ್ತಿ? ನನಗ ನೂಲಾಕೇ ಬರಂಗಿಲ್ಲ. ನನ್ನದು ನಾಯಿ ಪಾಲಿಂದು."

"ಹಿಡಿ ಅಂದ್ರ ಹಿಡಿ."

ಕದರು ಕಸ್ತೂರಬಾಯಿಯ ಉಡಿಗೆ ಬಿತ್ತು. ಅಮೋಗಸಿದ್ಧ ಮುತ್ಯಾ ಭಂಡಾರ ಎರಚಿದ. "ಹಿರಿ ಸೊಸಿ ನೂಲಿಂದು ಓಣಿಗೆಲ್ಲ ಗೊತ್ತದ," ಎಂದು ಯಾರೋ ಹಿರಿಯರು ಮೆಲ್ಲಗೆ ಅಂದರು. ಭೀಮಣ್ಣ ತಾಯಿಯ ಹೊದಿಕೆ ಸರಿಮಾಡಿದ. ಗಂಗುಬಾಯಿ ಖಾಲಿ ಉಡಿಯನ್ನು ಕೊಡವಿ ಎದ್ದು, ಬಂದವರಿಗೆ ಬೆಲ್ಲ ನೀರು ತರಲು ಒಳಗೆ ಹೋದಳು.

ಮರುದಿನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಗುಬಾಯಿ ಅತ್ತೆಗೆ ಅಂಬಲಿ ಕುಡಿಸುತ್ತಿದ್ದಳು. ಎಂದೂ ಕೇಳದವಳು ಅಂದು ಕೇಳಿದಳು.

"ನನ್ನ ಕೈಯಾಗ ಏನ ಕಡಿಮಿ ಆಗಿತ್ರಿ ಅತ್ತಿ?"

ಹಣಮವ್ವ ಬಟ್ಟಲು ಸರಿಸಿದಳು. "ನನ್ನ ನೂಲು ನನಗ ಗೊತ್ತಾಗಂಗಿಲ್ಲಂತ ತಿಳಿದಿದ್ದೇನ?"

ಗಂಗುಬಾಯಿಯ ಕೈಯಲ್ಲಿದ್ದ ಚಮಚೆ ಬಟ್ಟಲಿಗೆ ತಾಗಿ ಸದ್ದಾಯಿತು.

"ಗೊತ್ತಿತ್ತಾ?"

"ಮೊದಲನೇ ವರ್ಷನೇ. ಕಣ್ಣ ಹೋದ್ರೇನ, ಬೆರಳ ಹೋಗಿದ್ದಿಲ್ಲ."

"ಗೊತ್ತಿದ್ದೂ ನನ್ನ ಬುಟ್ಟಿ ಕಟ್ಟಿಗಿ ಒಯ್ದು ರತ್ನಾಗ ತೋರಿಸಿದ್ರಿ?"

"ಅದ್ರಾಗ ಇದ್ದದ್ದು ಕೆಟ್ಟ ನೂಲು. ಕೆಟ್ಟದ್ದಕ್ಕ ಕೆಟ್ಟದ್ದು ಅಂದೆ."

"ಅದು ನಿಮ್ಮದು."

"ಹೌದು. ನಂದ."

ಹೊರಗೆ ಮರಿಗಳು ಕೂಗುತ್ತಿದ್ದವು. ಗಂಗುಬಾಯಿ ಸೆರಗಿನಿಂದ ಅತ್ತೆಯ ಗದ್ದ ಒರೆಸಿದಳು.

"ಮನಿ ಮಾನ ಉಳಸಾಕ ಮಾಡೀನ್ರಿ. ನಿಮ್ಮ ಹೆಸರ ಉಳಸಾಕ."

"ಕದರಿನ ಸಲುವಾಗಿ ಮಾಡಿದಿ. ದೇವರ ಬುಟ್ಟ್ಯಾಗ ಕದ್ದು ಕೈ ಹಾಕಿದಾಕಿಗಿ ಹಿರೇ ಕೈ ಅಂತ ಹ್ಯಾಂಗ ಅನ್ನಲಿ? ಕಸ್ತೂರಿ ನೂಲು ಕೆಟ್ಟದ. ಆದ್ರ ಅದು ಆಕಿದ. ಮುಚ್ಚಿಡಂಗಿಲ್ಲ ಆಕಿ, ಎತ್ತಿ ತೋರಿಸಿ ನಗತಾಳ."

"ಮತ್ತ ನೀವು? ಗೊತ್ತಿದ್ದೂ ಮೂರ ವರ್ಷ ಸುಮ್ಮ ಕುಂತ್ರಿ. ಮುತ್ಯಾ ಹೊಗಳಿದಾಗ ತಲಿ ಅಲ್ಲಾಡಿಸಿದ್ರಿ."

ಹಣಮವ್ವನ ಬೆರಳುಗಳು ಹೊದಿಕೆಯ ಅಂಚಿನ ಎಳೆಯನ್ನು ಹುಡುಕಿ ಉಜ್ಜುತ್ತಿದ್ದವು.

"ಕುಂತೆ," ಅಂದಳು ಕೊನೆಗೆ. "ನೂಲು ಹಸನಾಗಿತ್ತು. ನನಗೂ ಎಂದೂ ಅಷ್ಟು ಹಸನಾಗಿ ಬಂದಿದ್ದಿಲ್ಲ. ನನ್ನ ಹೆಸರಿಲೆ ಇತ್ತು. ಬಿಡಾಕ ಮನಸ್ಸಾಗಲಿಲ್ಲ."

ಹುಡುಗಿಯಾಗಿ ಬಂದಂದಿನಿಂದ ಕಾದಿದ್ದ ಮಾತು ಬಂತು. ಬಂದದ್ದು ಹೀಗೆ, ಅಂಬಲಿಯ ಎಂಜಲಿನ ಜೊತೆ, ಮತ್ತೊಬ್ಬರು ಕೇಳದ ಹೊತ್ತಿಗೆ.

"ಎಲ್ಲರ ಮುಂದ ಹೇಳ್ರಿ ಇದನ್ನ," ಅಂದಳು ಗಂಗುಬಾಯಿ.

ಮುದುಕಿ ಗೋಡೆಯ ಕಡೆ ಹೊರಳಿದಳು. "ಅಂಬಲ್ಯಾಗ ಉಪ್ಪ ಕಡಿಮಿ ಆಗ್ಯದ," ಅಂದಳು.

ನಾಗರಪಂಚಮಿಗೆ ಮೊದಲು ಹಣಮವ್ವ ತೀರಿಕೊಂಡಳು. ಮಣ್ಣಿಗೆ ಇಡುವಾಗ ವಾಡಿಗೆ ವಾಡಿಯೇ ಬಂದಿತ್ತು. ಅಂಥ ಕೈ ಇನ್ನು ಹುಟ್ಟುವುದಿಲ್ಲವೆಂದು ಎಲ್ಲರೂ ಆಡಿಕೊಂಡರು. ಗಂಗುಬಾಯಿ ಕೇಳಿಸಿಕೊಂಡಳು.

ಸೂತಕ ಕಳೆದ ಮೇಲೆ ಕದರು ರಾಟಿಗೆ ಏರಿತು. ಕಸ್ತೂರಬಾಯಿ ಒಂದು ಉಂಡೆ ನೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಂದು ಗಂಗುಬಾಯಿಯ ಪಕ್ಕದಲ್ಲಿ ಕೂತಳು.

"ಅಕ್ಕಾ, ಈ ಇಲಿಮರಿ ದೇವರ ಮುಂದ ಒಯ್ಯಾಕ ನನಗ ನಾಚಿಕಿ ಬರತದ. ನೀನ ನೂತು ಕೊಡು. ಯಾರಿಗಿ ಗೊತ್ತಾಗತದ?"

ಗಂಗುಬಾಯಿ ನಕ್ಕಳು. ಆ ನಗು ನೋಡಿ ಕಸ್ತೂರಬಾಯಿ ಸ್ವಲ್ಪ ಹಿಂದೆ ಸರಿದಳು.

"ಹಿರೇ ಕೈ ನಿಂದು, ತಂಗಿ. ನೀನ ನೂಲು."

ಸಂಜೆ ಭೀಮಣ್ಣ ಕೇಳಿದ. "ಹಿಂಗ ಬಿಟ್ರ ಮಾನ ಹೋಗತದ."

"ಹೋಗ್ಲಿ."

"ಅವ್ವ ಇದ್ದಾಗ ಮಾಡಿದಿ."

"ಅವ್ವ ಇದ್ದಾಗ ಬಾಯಿ ಮುಚಗೊಂಡು ನೇಯ್ದ್ರಿ. ಈಗೂ ನೇಯ್ರಿ."

ಭೀಮಣ್ಣ ನೇಯ್ದ. ಎಳೆ ಹರಿಯುವುದು, ಗಂಟು ಹಾಕುವುದು. ಬಿಚ್ಚಿಸುವವರಿಲ್ಲ. ಕಂಬಳಿ ಮಗ್ಗದಿಂದ ಇಳಿದಾಗ ಅದರ ಮೈಯಲ್ಲಿ ಬಿಳಿ ಕೂದಲು, ಸಿಡುಬು ಎದ್ದ ಹಾಗೆ ಗಂಟು. ಗಂಗುಬಾಯಿ ಅದನ್ನು ನೋಡಿದಳು, ಮಡಿಚಿಟ್ಟಳು. ಅಮಾವಾಸ್ಯೆಯ ತನಕ ಆಕೆಗೆ ಒಂದು ಬಗೆಯ ಹುರುಪು ಇತ್ತು. ಮುತ್ಯಾನ ಅಂಗೈ ಆ ಗಂಟುಗಳಿಗೆ ತಡೆಯುತ್ತದೆ. ಮುತ್ಯಾ ಕಣ್ಣೆತ್ತಿ ನೋಡುತ್ತಾನೆ. ಹೋದ ವರ್ಷದ್ದು ಯಾರ ಕೈ, ಈ ವರ್ಷದ್ದು ಯಾರ ಕೈ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಆಗ ಹೇಳುತ್ತೇನೆ. ಮಾನ ಹೋದರೂ ಹೋಗಲಿ, ಹೇಳಿಯೇಬಿಡುತ್ತೇನೆ.

ಅಮಾವಾಸ್ಯೆಯ ದಿನ ಗುಡಿಯ ಕಟ್ಟೆಗೆ ಹತ್ತಿರವೇ ನಿಂತಳು. ಕಸ್ತೂರಬಾಯಿ ತಲೆ ತಗ್ಗಿಸಿ ಕಂಬಳಿ ಒಪ್ಪಿಸಿದಳು. ಅಮೋಗಸಿದ್ಧ ಮುತ್ಯಾ ಬಿಚ್ಚಿ ಹಾಸಿ, ಮೇಲೆ ಅಂಗೈ ಎಳೆದ. ಈ ತುದಿಯಿಂದ ಆ ತುದಿಯ ತನಕ ಎಳೆದ. ಗಂಟುಗಳ ಮೇಲೆಯೇ ಹಾಯ್ದರೂ ಕೈ ಎಲ್ಲಿಯೂ ತಡೆಯಲಿಲ್ಲ.

"ಹಸನಾಗೇದ. ಹಾಸ್ರಿ," ಅಂದ.

ಡೊಳ್ಳು ಬಾರಿಸಿದರು. ರತ್ನಾಬಾಯಿ ಹತ್ತಿರ ಬಂದು ಕಂಬಳಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಅಗದಿ ಅತ್ತಿ ಕೈನೇ ಬಂದದ ನೋಡು ಕಸ್ತೂರಿಗಿ," ಅಂದಳು. ಹಿರಿಯರು ಹೌದೆಂದರು. ಕಸ್ತೂರಬಾಯಿ ಬೆಪ್ಪಾಗಿ ಅಕ್ಕನ ಕಡೆ ನೋಡಿದಳು. ಗಂಗುಬಾಯಿ ಆ ಕಡೆ ತಿರುಗಲಿಲ್ಲ. ವಾಡಿಯಲ್ಲಿ ಆ ಎರಡು ಕಂಬಳಿಗಳ ನಡುವಿನ ಅಂತರ ಗೊತ್ತಿದ್ದ ಬೆರಳು ಹೊಳೆದಂಡೆಯ ಮಣ್ಣಿನಲ್ಲಿತ್ತು.

ಮನೆಗೆ ಬಂದು ಒಲೆ ಹೊತ್ತಿಸಿದಳು. ಭೀಮಣ್ಣ ಹಸಿದು ಬಂದು ಗಂಗಾಳ ಹಾಕಿಕೊಂಡು ಕೂತ. ಹೆಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಆಕೆ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದಳು. ಬೆರಳು ಒಂದು ಕಡೆ ತಡೆಯಿತು. ಬಾಗಿಲಿನಿಂದ ಹೊರಗೆ ನಾಯಿಗೆ ಒಗೆದಳು.

"ಯಾಕ ಒಗದಿ? ಚೊಲೋ ಇತ್ತಲ್ಲ," ಅಂದ ಭೀಮಣ್ಣ.

"ಅಂಚು ಸೀಳಿತ್ತು," ಎಂದು ಗಂಗುಬಾಯಿ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.